ಕರಾವಳಿಯ ಹವೆಗೆ ತಡೆಯುವ ಪ್ಲೈವುಡ್ ಸ್ಪೀಕರ್ ಪೆಟ್ಟಿಗೆ: ಅಂಟು ಸಾಕೇ, ಸ್ಕ್ರೂ ಬೇಕೇ?

ಕಡಿಯಾಳಿ ಶ್ರೋತೃ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಭಜನಾ ಮಂದಿರಕ್ಕೆ ದಾನಿಯೊಬ್ಬರು 8 ಇಂಚಿನ ಎರಡು ಕೋಆಕ್ಸಿಯಲ್ ಸ್ಪೀಕರ್‌ಗಳನ್ನು ಕೊಟ್ಟಿದ್ದಾರೆ. ಟ್ವೀಟರ್ ಕೋನಿನ ನಡುವೆಯೇ ಇದೆ, ಮೇಲಿನ ಮತ್ತು ಕೆಳಗಿನ ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರ್ ಬೇರೆಯಾಗಿ ಬಂದಿದೆ. ಪೆಟ್ಟಿಗೆ ಮಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಮನೆಯಲ್ಲಿ ಡ್ರಿಲ್, ಜಿಗ್‌ಸಾ, ನಾಲ್ಕು ಬಾರ್ ಕ್ಲಾಂಪ್ ಮತ್ತು ಒಂದು ಮೂಲೆಮಟ್ಟ ಇವೆ. ಹಲಗೆಗಳನ್ನು ಅಂಗಡಿಯಲ್ಲೇ ಅಳತೆಗೆ ಕೊಯ್ಯಿಸಿಕೊಂಡು ಬರುವ ಯೋಚನೆ ನನ್ನದು.

ಪೆಟ್ಟಿಗೆಗಳು ಮಂದಿರದ ಜಗಲಿಗೆ ತಾಗಿದ ಸಭಾಂಗಣದಲ್ಲಿ ಇರುತ್ತವೆ. ಜಗಲಿಯ ಮೂರು ಬದಿಯೂ ತೆರೆದೇ ಇರುವುದರಿಂದ ಮಳೆಗಾಲದಲ್ಲಿ ಎರಚಲು ನೇರವಾಗಿ ಬೀಳದಿದ್ದರೂ ತೇವ ಬಂದೇ ಬರುತ್ತದೆ. ನಗರ ಭಜನೆಯ ದಿನಗಳಲ್ಲಿ ಅವುಗಳನ್ನು ಎತ್ತಿಕೊಂಡು ಹೋಗುವುದೂ ಉಂಟು. ಪರಿಚಯದ ಆಚಾರ್ರೊಬ್ಬರು ‘ಫೆವಿಕಾಲ್ ಹಚ್ಚಿ ಬಿಗಿದರೆ ಸಾಕು, ಆಣಿಯೂ ಬೇಡ, ಸ್ಕ್ರೂವೂ ಬೇಡ’ ಎನ್ನುತ್ತಾರೆ. ಮಂದಿರದ ಹಿರಿಯರೊಬ್ಬರು ‘ಸ್ಕ್ರೂ ಇಲ್ಲದ ಪೆಟ್ಟಿಗೆ ಒಂದು ಮಳೆಗಾಲವನ್ನೂ ಕಾಣುವುದಿಲ್ಲ’ ಎನ್ನುತ್ತಾರೆ. ಯಾವ ಪ್ಲೈವುಡ್ ತರಬೇಕು, ಎಷ್ಟು ದಪ್ಪ, ಜೋಡಣೆ ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಸ್ಪೀಕರಿನ ಜೊತೆ ಬಂದ ಹಾಳೆಯಲ್ಲಿ ಹೀಗಿದೆ: ಎಫ್‌ಎಸ್ (ಸ್ಪೀಕರಿನ ಸಹಜ ಅನುರಣನ) 38 ಹರ್ಟ್ಜ್, ಕ್ಯೂಟಿಎಸ್ (ಆ ಅನುರಣನ ಎಷ್ಟು ಬೇಗ ಅಡಗುತ್ತದೆ ಎಂಬ ಅಂಕಿ) 0.45, ವಿಎಎಸ್ (ಕೋನಿನ ಹಿಡಿತದಷ್ಟೇ ಮೆದುವಾಗಿ ವರ್ತಿಸುವ ಗಾಳಿಯ ಗಾತ್ರ) 45 ಲೀಟರ್.

ಬಂದರು ಬಡಗಿ

ಮೊದಲು ಹಲಗೆಯ ವಿಚಾರವನ್ನು ಮುಗಿಸೋಣ, ಏಕೆಂದರೆ ಹಲಗೆ ಕಳಪೆಯಾದರೆ ಯಾವ ಅಂಟೂ ಯಾವ ಸ್ಕ್ರೂವೂ ಅದನ್ನು ಉಳಿಸಲಾರದು.

ಅಂಗಡಿಯಲ್ಲಿ ‘ಎಂಆರ್’ ಎಂದು ಕೊಡುವ ಸಾಮಾನ್ಯ ಪ್ಲೈವುಡ್‌ನ ಪದರಗಳನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಕೂಡಿಸಿರುತ್ತಾರೆ. ಅದು ಬಯಲುಸೀಮೆಯ ಒಣ ಕೋಣೆಗೆ ಸಾಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ನಮ್ಮ ಊರಿನ ತೆರೆದ ಜಗಲಿಗೆ ಸಾಲದು. ನೀವು ಕೇಳಬೇಕಾದದ್ದು ಐಎಸ್ 710 ಗುರುತಿನ ಮರೈನ್ ಪ್ಲೈವುಡ್. ಅದರ ಅಂಟು ಫೀನಾಲ್ ಫಾರ್ಮಾಲ್ಡಿಹೈಡ್ ಆಗಿದ್ದು, ಮಾದರಿಯ ತುಂಡನ್ನು 72 ಗಂಟೆ ಕುದಿವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಎಂಬುದು ನಿಯಮ. ಅಂಗಡಿಯವರು ಬಾಯಲ್ಲಿ ‘ಮರೈನ್’ ಎಂದರೆ ಸಾಲದು. ಹಾಳೆಯ ಮೇಲೆ ಐಎಸ್‌ಐ ಮುದ್ರೆಯೂ 710 ಎಂಬ ಅಂಕಿಯೂ ಪರವಾನಗಿ ಸಂಖ್ಯೆಯೂ ಒತ್ತಿರಬೇಕು. ಬಂದರಿನ ಕಡೆಯ ಅಂಗಡಿಗಳಲ್ಲಿ ಗುರುತು ಇರುವುದೂ ಇಲ್ಲದ್ದೂ ಅಕ್ಕಪಕ್ಕದಲ್ಲೇ ಪೇರಿಸಿರುತ್ತವೆ, ನೋಡಿ ತೆಗೆದುಕೊಳ್ಳಿ.

ಗುರುತು ಇದ್ದ ಮೇಲೂ ಹಾಳೆಯ ನಾಲ್ಕು ಅಂಚನ್ನು ಹತ್ತಿರದಿಂದ ನೋಡಬೇಕು. ಒಳಪದರದಲ್ಲಿ ತುಂಡು ತುಂಡು ಹಾಳೆಗಳನ್ನು ಜೋಡಿಸುವಾಗ ಎರಡರ ನಡುವೆ ಸಂದು ಉಳಿದರೆ ಅಂಚಿನಲ್ಲಿ ಕಪ್ಪು ಗೀರಿನಂತೆ ಕಾಣುತ್ತದೆ. ಬೆರಳಿನ ಗೆಣ್ಣಿನಿಂದ ಹಾಳೆಯ ಉದ್ದಕ್ಕೂ ತಟ್ಟುತ್ತ ಹೋಗಿ. ಎಲ್ಲ ಕಡೆ ಒಂದೇ ಸ್ವರ ಬರುತ್ತಿದ್ದುದು ಒಂದೆಡೆ ಬಡಬಡ ಎಂದರೆ ಅಲ್ಲಿ ಒಳಗೆ ಪೊಳ್ಳಿದೆ. ಬೀರುವಿಗೆ ಅದರಿಂದ ತೊಂದರೆಯಿಲ್ಲ. ಸ್ಪೀಕರ್ ಪೆಟ್ಟಿಗೆಯಲ್ಲಿ ಮಾತ್ರ ಆ ಪೊಳ್ಳಿನ ಮೇಲಿನ ತೆಳು ಪದರ ಒಂದೊಂದು ಸ್ವರಕ್ಕೆ ಝರ್ರೆಂದು ನಡುಗುತ್ತದೆ, ಆಮೇಲೆ ಅದನ್ನು ಹುಡುಕುವುದು ಯಾರಿಂದಲೂ ಆಗುವುದಿಲ್ಲ.

ದಪ್ಪ 18 ಮಿ.ಮೀ. ಇರಲಿ. ಹಾಳೆಯ ಮೇಲೆ 18 ಎಂದಿದ್ದರೂ ನಿಜ ದಪ್ಪ ಸ್ವಲ್ಪ ಕಡಿಮೆ ಬರುವುದುಂಟು. ಆದ್ದರಿಂದ ವರ್ನಿಯರ್ ಇಟ್ಟು ಅಳೆದ ಮೇಲೆಯೇ ಕೊಯ್ಯುವ ಪಟ್ಟಿಯನ್ನು ಬರೆಯಿರಿ.

ಕದ್ರಿ ಗುಡ್ಡೆ

ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಏಕೆ ಬೇಡ? ದೊಡ್ಡ ಕಂಪನಿಗಳ ಸ್ಪೀಕರ್‌ಗಳೆಲ್ಲ ಅದರಲ್ಲೇ ಬರುತ್ತವೆ. ಇಲ್ಲವಾದರೆ ನಮ್ಮ ಹಲಸಿನ ಹಲಗೆ ಏಕೆ ಆಗಬಾರದು? ಅದಕ್ಕೆ ಗೆದ್ದಲೂ ಹತ್ತುವುದಿಲ್ಲ, ನೋಡಲೂ ಚೆನ್ನ.

ಬಂದರು ಬಡಗಿ

ಎಂಡಿಎಫ್ ಒಣಗಿದ್ದಷ್ಟು ಕಾಲ ಒಳ್ಳೆಯದು. ಅದರ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಅಂಚಿನಲ್ಲಿ ಹಾಕಿದ ಸ್ಕ್ರೂ ಒಮ್ಮೆ ಸಡಿಲಾದರೆ ಮತ್ತೆ ಕಚ್ಚುವುದೂ ಇಲ್ಲ.

ಹಲಸು ಬೇಡವೆನ್ನಲು ಕಾರಣ ಬೇರೆ. ಇಡಿ ಮರದ ಹಲಗೆ ನಾರಿಗೆ ಅಡ್ಡವಾಗಿ ಮಳೆಗಾಲದಲ್ಲಿ ಹಿಗ್ಗಿ, ಬೇಸಗೆಯಲ್ಲಿ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಲಗೆಯ ಉದ್ದ ಇನ್ನೊಂದರ ಅಡ್ಡಕ್ಕೆ ಸೇರುವ ಕಡೆ ಈ ಎಳೆದಾಟ ವರ್ಷ ವರ್ಷವೂ ನಡೆದು ಅಂಟು ಸೀಳುತ್ತದೆ, ಇಲ್ಲವೇ ಹಲಗೆಯೇ ಬಿರಿಯುತ್ತದೆ. ಪ್ಲೈವುಡ್‌ನ ಪದರಗಳ ನಾರು ಒಂದಕ್ಕೊಂದು ಅಡ್ಡವಾಗಿರುವುದರಿಂದ ಯಾವ ದಿಕ್ಕಿಗೂ ಅದು ಹೆಚ್ಚು ಅಲುಗುವುದಿಲ್ಲ. ಹಲಸಿನ ರೀಪು ಉಳಿದಿದ್ದರೆ ಒಳಮೂಲೆಗೆ ಸಣ್ಣ ಸಣ್ಣ ತುಂಡುಗಳಾಗಿ ಬಳಸಬಹುದು.

ಸುರತ್ಕಲ್ ಲೆಕ್ಕಿಗ

ಅಳತೆಯ ವಿಚಾರ ನನಗಿರಲಿ. ನೀವು ಕೊಟ್ಟ ಮೂರು ಅಂಕಿಗಳು ಥೀಲ್ ಮತ್ತು ಸ್ಮಾಲ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿವೆ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಆರಂಭಿಸಿದ ಲೆಕ್ಕವನ್ನು ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿ ವಿಸ್ತರಿಸಿದರು. ಅಲ್ಲಿಯವರೆಗೆ ಪೆಟ್ಟಿಗೆಯ ಗಾತ್ರವೆಂದರೆ ಬಹುಮಟ್ಟಿಗೆ ಕಿವಿಯ ಅಂದಾಜು.

ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತ ಸ್ಪೀಕರಿನ ಒಟ್ಟು ಕ್ಯೂಗೆ ಗುರಿ 0.707 ಎಂದು ಇಟ್ಟುಕೊಳ್ಳೋಣ. 0.707ನ್ನು 0.45ರಿಂದ ಭಾಗಿಸಿ ವರ್ಗ ಮಾಡಿದರೆ 2.47, ಅದರಲ್ಲಿ 1 ಕಳೆದರೆ 1.47. ವಿಎಎಸ್ 45 ಲೀಟರನ್ನು ಇದರಿಂದ ಭಾಗಿಸಿದರೆ ಸುಮಾರು 30.6 ಲೀಟರ್ ಬರುತ್ತದೆ. ಪೆಟ್ಟಿಗೆಯೊಳಗೆ ಕುಳಿತ ಮೇಲೆ ಸ್ಪೀಕರಿನ ಅನುರಣನ 60 ಹರ್ಟ್ಜ್ ಹತ್ತಿರಕ್ಕೆ ಏರುತ್ತದೆ. ಗಂಡಸರ ಮಾತಿನ ಮೂಲಸ್ವರವೇ ಸುಮಾರು 85 ಹರ್ಟ್ಜ್‌ನಿಂದ ಆರಂಭವಾಗುವುದರಿಂದ ಭಜನೆ, ಹಾರ್ಮೋನಿಯಂ, ತಬಲಾಗಳಿಗೆ ಇದು ಧಾರಾಳ. ಗಾಳಿಕೊಳವೆ ಇಟ್ಟ ಪೆಟ್ಟಿಗೆ ಇನ್ನೂ ಕೆಳಗಿನ ಸ್ವರ ಕೊಡುತ್ತದೆ ನಿಜ. ಆದರೆ ಕೊಳವೆಯ ಮೂಲಕ ಇರುವೆ, ಜಿರಳೆ ಮತ್ತು ತೇವ ಒಳಸೇರುವ ಊರಿನಲ್ಲಿ, ಮೊದಲ ಸಲ ಪೆಟ್ಟಿಗೆ ಮಾಡುವವರಿಗೆ, ನಾನು ಮುಚ್ಚಿದ್ದನ್ನೇ ಹೇಳುತ್ತೇನೆ.

ಸ್ಪೀಕರಿನ ಹಿಂಭಾಗ ಮತ್ತು ಒಳಪಟ್ಟಿಗಳು ತಿನ್ನುವ ಜಾಗಕ್ಕೆ ಸುಮಾರು ಮೂರು ಲೀಟರ್ ಸೇರಿಸಿದರೆ ಒಳಗಿನ ಅಳತೆ 26 ಸೆಂ.ಮೀ. ಅಗಲ, 30 ಸೆಂ.ಮೀ. ಆಳ, 43 ಸೆಂ.ಮೀ. ಎತ್ತರ ಆಗುತ್ತದೆ, ಒಟ್ಟು 33.5 ಲೀಟರ್. ಮೂರೂ ಅಳತೆಗಳನ್ನು ಬೇರೆ ಬೇರೆಯಾಗಿ ಇಟ್ಟದ್ದು ಬೇಕೆಂದೇ. ಸಮಚೌಕದ ಪೆಟ್ಟಿಗೆಯಲ್ಲಿ ಮೂರು ದಿಕ್ಕಿನ ಪ್ರತಿಧ್ವನಿಗಳೂ ಒಂದೇ ಸ್ವರದ ಮೇಲೆ ಬಿದ್ದು ಆ ಸ್ವರ ಕೊಡದೊಳಗಿಂದ ಬಂದಂತೆ ಕೇಳಿಸುತ್ತದೆ.

ಕೊಯ್ಯುವ ಪಟ್ಟಿ, ಹಲಗೆ ಸರಿಯಾಗಿ 18 ಮಿ.ಮೀ. ಇದ್ದರೆ, ಒಂದು ಪೆಟ್ಟಿಗೆಗೆ: ಮುಂದೆ ಹಿಂದೆ 29.6 × 46.6 ಸೆಂ.ಮೀ. ಎರಡು, ಬದಿಗೆ 30 × 46.6 ಎರಡು, ಮೇಲೆ ಕೆಳಗೆ 26 × 30 ಎರಡು. ಮೇಲಿನ ಮತ್ತು ಕೆಳಗಿನ ಹಲಗೆಗಳು ಬದಿಯ ಹಲಗೆಗಳ ನಡುವೆ ಕೂರುತ್ತವೆ. ಮುಂದಿನದೂ ಹಿಂದಿನದೂ ಎಲ್ಲದರ ಅಂಚನ್ನು ಮುಚ್ಚುತ್ತವೆ. ಎರಡು ಪೆಟ್ಟಿಗೆಗೆ 8 × 4 ಅಡಿಯ ಹಾಳೆಯ ಅರ್ಧದಷ್ಟೇ ಹೋಗುತ್ತದೆ. ಉಳಿದದ್ದರಲ್ಲಿ ಒಳಪಟ್ಟಿಗಳನ್ನು ತೆಗೆಯಿರಿ.

ಕುಂದಾಪುರದ ಮೈಕಿನವ

ನಾನು ಬಾಡಿಗೆಗೆ ಸೌಂಡ್ ಕೊಡುವವನು. ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಸ್ಕ್ರೂ ಬೇಡವೆಂಬ ಆಚಾರ್ರ ಮಾತನ್ನು ಒಪ್ಪುವುದಿಲ್ಲ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ, ಅವು ತಿರುಗಾಟ ಮುಗಿಸುವ ಮೇ ಕೊನೆಯ ಪತ್ತನಾಜೆಯವರೆಗೆ ನಮ್ಮ ಪೆಟ್ಟಿಗೆಗಳು ಟೆಂಪೋದ ಮೇಲೆಯೇ ಇರುತ್ತವೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನ ಹುಡುಗರು ಪೆಟ್ಟಿಗೆಯನ್ನು ಇಳಿಸುವುದಲ್ಲ, ಬಿಡುವುದು. ಹಾಗೆ ಮೂಲೆಯ ಮೇಲೆ ಬಿದ್ದ ಪೆಟ್ಟಿಗೆಯಲ್ಲಿ ಅಂಟು ಒಮ್ಮೆ ಬಿಟ್ಟರೆ ಹಲಗೆಯನ್ನು ಹಿಡಿದಿಡುವುದು ಸ್ಕ್ರೂ ಮಾತ್ರ, ಕಾರ್ಯಕ್ರಮವಾದರೂ ಮುಗಿಯುತ್ತದೆ.

ಹಾಗೆಂದು ಅಂಟಿಲ್ಲದೆ ಬರೇ ಆಣಿ ಹೊಡೆದು ಮಾಡಿದ ಪೆಟ್ಟಿಗೆಯನ್ನು ನಾನು ಪೆಟ್ಟಿಗೆ ಎಂದೇ ಕರೆಯುವುದಿಲ್ಲ.

ಸುರತ್ಕಲ್ ಲೆಕ್ಕಿಗ

ಇದರ ಬಲವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಮುಂದಿನ ಹಲಗೆ ಉಳಿದ ಹಲಗೆಗಳಿಗೆ ಅಂಟುವ ಅಂಚಿನ ಸುತ್ತಳತೆ ಸುಮಾರು ಒಂದೂವರೆ ಮೀಟರ್, ಅಗಲ 18 ಮಿ.ಮೀ.; ಅಂದರೆ ಅಂಟಿನ ವಿಸ್ತೀರ್ಣ 260 ಚದರ ಸೆಂ.ಮೀ.ಗೂ ಮೇಲೆ. ಒಂದು ಚದರ ಸೆಂಟಿಮೀಟರ್ ಕೇವಲ 10 ಕಿಲೋ ಹಿಡಿಯುತ್ತದೆ ಎಂದು ಬಹಳ ಜಿಪುಣತನದಿಂದ ಎಣಿಸಿದರೂ ಎರಡೂವರೆ ಟನ್ನಿಗೂ ಹೆಚ್ಚಾಯಿತು. ಇನ್ನು ಒಳಗಿನ ಸದ್ದು ಕೊಡುವ ಒತ್ತಡವೆಷ್ಟು? ಪೆಟ್ಟಿಗೆಯೊಳಗೆ 150 ಡೆಸಿಬೆಲ್ ಇದೆಯೆಂದರೂ ಅದು 632 ಪ್ಯಾಸ್ಕಲ್. ಮುಂದಿನ ಹಲಗೆಯ ಮೇಲೆ ಬೀಳುವುದು ಸುಮಾರು 7 ಕಿಲೋ ಭಾರದಷ್ಟು ಬಲ. ಸ್ಪೀಕರಿನ ಸದ್ದಿಗೆ ಪೆಟ್ಟಿಗೆ ಬಿಡುತ್ತದೆ ಎಂಬುದು ಹಾಗಾಗಿ ಸುಳ್ಳು ಭಯ. ಪೆಟ್ಟಿಗೆ ಬಿಡುವುದು ಎರಡೇ ಕಾರಣಕ್ಕೆ: ಕೆಡವಿದಾಗ ಮತ್ತು ತೇವ ಹೊಕ್ಕಾಗ.

ಕುಂದಾಪುರದ ಮೈಕಿನವ

ಎರಡನೆಯ ಮಾತು ನೂರಕ್ಕೆ ನೂರು ಸರಿ. ನಮ್ಮ ಪೆಟ್ಟಿಗೆಗಳು ತಿರುಗಾಟದಲ್ಲಿ ಹಾಳಾದುದಕ್ಕಿಂತ ಪತ್ತನಾಜೆ ಕಳೆದ ಮೇಲೆ ಗೋದಾಮಿನಲ್ಲಿ ಸುಮ್ಮನೆ ಕುಳಿತು ಹಾಳಾದದ್ದೇ ಹೆಚ್ಚು. ಸಿಮೆಂಟ್ ನೆಲದ ಮೇಲೆ ನೇರವಾಗಿ ಇಟ್ಟ ಪೆಟ್ಟಿಗೆಯ ಕೆಳಹಲಗೆ ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಅಂಚಿನಲ್ಲಿ ಉಬ್ಬಿರುತ್ತದೆ, ಬಳಿದ ಬಣ್ಣದ ಕೆಳಗೆ ಬೂಷ್ಟು ಹಿಡಿದಿರುತ್ತದೆ.

ಕಡಿಯಾಳಿ ಶ್ರೋತೃ

ಹಾಗಾದರೆ ಅಂಟು ಮತ್ತು ಸ್ಕ್ರೂ ಎರಡೂ ಇರಲಿ ಎಂದು ತೀರ್ಮಾನಿಸುತ್ತೇನೆ. ಬಡಗಿಯವರು ದಯವಿಟ್ಟು ಜೋಡಿಸುವ ಕ್ರಮವನ್ನು ಬಿಡಿಸಿ ಹೇಳಬೇಕು. ಯಾವ ಅಂಟು? ಎಷ್ಟು ಹಚ್ಚಬೇಕು? ಸ್ಕ್ರೂವಿಗೆ ತೂತು ಎಷ್ಟು?

ಬಂದರು ಬಡಗಿ

ಅಂಟು ಬಿಳಿ ಫೆವಿಕಾಲೇ ಸಾಕು, ಆದರೆ ಸಾಮಾನ್ಯದ್ದಲ್ಲ, ನೀರು ತಡೆಯುವ ಮರೈನ್ ಬಗೆಯದು. ಈ ಅಂಟು ಗಟ್ಟಿಯಾಗುವುದು ತನ್ನೊಳಗಿನ ನೀರನ್ನು ಮರಕ್ಕೂ ಗಾಳಿಗೂ ಬಿಟ್ಟುಕೊಟ್ಟು. ಗಾಳಿಯೇ ನೀರಿನಿಂದ ತುಂಬಿರುವ ಜುಲೈಯಲ್ಲಿ ಅದು ಯಾರಿಗೆ ಬಿಟ್ಟುಕೊಡಬೇಕು? ಆದ್ದರಿಂದ ಸಾಧ್ಯವಾದರೆ ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಿ. ಮಳೆಯಲ್ಲೇ ಮಾಡಬೇಕಾದರೆ ಹಲಗೆಗಳನ್ನು ಮನೆಯೊಳಗೆ ಕೆಲವು ದಿನ ಫ್ಯಾನಿನ ಕೆಳಗೆ ನಿಲ್ಲಿಸಿ, ಕ್ಲಾಂಪನ್ನು ಮರುದಿನ ಬಿಚ್ಚಿ.

ಪ್ಲೈವುಡ್‌ನ ಅಂಚಿನಲ್ಲಿ ಅರ್ಧದಷ್ಟು ಪದರಗಳ ನಾರು ತುದಿ ತೋರಿಸಿಕೊಂಡಿರುತ್ತದೆ, ಅದು ಅಂಟನ್ನು ಹೀರುತ್ತದೆ. ಆದ್ದರಿಂದ ಮೊದಲು ಅಂಚಿಗೆ ತೆಳುವಾಗಿ ಬಳಿದು, ಐದು ನಿಮಿಷ ಬಿಟ್ಟು, ಅದು ಮಂಕಾದ ಮೇಲೆ ಎರಡನೆಯ ಸಲ ಬಳಿಯಿರಿ. ಎದುರಿನ ಹಲಗೆಯ ಮೈಗೂ ಒಂದು ತೆಳು ಲೇಪ ಇರಲಿ. ಬಿಗಿದಾಗ ಸಂದಿನ ಉದ್ದಕ್ಕೂ ಎಳ್ಳುಕಾಳಿನಂಥ ಹನಿಗಳು ಒಂದೇ ಸಮನೆ ಹೊರಬರಬೇಕು. ಒಂದು ಕಡೆ ಹನಿ ಬಾರದಿದ್ದರೆ ಅಲ್ಲಿ ಅಂಟು ಸಾಲದು, ಇಲ್ಲವೇ ಹಲಗೆ ಕೂತಿಲ್ಲ. ಬಿಳಿ ಅಂಟು ಸಂದು ತುಂಬುವ ವಸ್ತುವಲ್ಲ ಎಂಬುದು ನೆನಪಿರಲಿ. ಅಂಗಡಿಯ ಯಂತ್ರದಲ್ಲಿ ಕೊಯ್ದ ನೇರ ಅಂಚು ಬೇಕೆನ್ನುವುದು ಅದಕ್ಕೇ. ಕೈಗರಗಸದ ಅಂಚಾದರೆ ಕೀಸುಳಿ ಹಾಕಿ ನೇರಮಾಡಿ.

ಇನ್ನು ಸ್ಕ್ರೂ. ಇಲ್ಲಿ ಹೆಚ್ಚಿನವರು ಒಂದೇ ಅಳತೆಯ ತೂತನ್ನು ಎರಡೂ ಹಲಗೆಗೆ ಕೊರೆಯುತ್ತಾರೆ, ಅದೇ ತಪ್ಪು. ಮೇಲಿನ ಹಲಗೆಯಲ್ಲಿ ಸ್ಕ್ರೂವಿನ ಸುರುಳಿ ಕಚ್ಚಿದರೆ, ಕೆಳಗಿನ ಹಲಗೆಯಲ್ಲಿ ಅದು ಇಳಿಯತೊಡಗಿದಾಗಲೂ ಎರಡರ ನಡುವಿನ ಕೂದಲೆಳೆಯ ಸಂದು ಹಾಗೆಯೇ ಉಳಿಯುತ್ತದೆ. ಎಷ್ಟು ತಿರುಗಿಸಿದರೂ ಅದು ಮುಚ್ಚುವುದಿಲ್ಲ. 8 ನಂಬರಿನ 50 ಮಿ.ಮೀ. ಸ್ಕ್ರೂವಿಗೆ ಮೇಲಿನ ಹಲಗೆಯಲ್ಲಿ 4.5 ಮಿ.ಮೀ. ತೂತು ಇರಲಿ, ಸ್ಕ್ರೂ ಅಲ್ಲಿ ಸಲೀಸಾಗಿ ಜಾರಬೇಕು. ಕೆಳಗಿನ ಹಲಗೆಯ ಅಂಚಿನಲ್ಲಿ 3 ಮಿ.ಮೀ. ತೂತು, ಸರಿಯಾಗಿ ನಡುವೆ. ತೂತಿಲ್ಲದೆ ಅಂಚಿಗೆ ಸ್ಕ್ರೂ ನುಗ್ಗಿಸಿದರೆ ಪದರಗಳು ಬಾಯಿಬಿಡುತ್ತವೆ. ತಲೆ ಮುಳುಗಲು ಕುಳಿ ಮಾಡಿ. ಒಂದರಿಂದ ಇನ್ನೊಂದಕ್ಕೆ 10ರಿಂದ 12 ಸೆಂ.ಮೀ. ಅಂತರ, ಮೂಲೆಯಿಂದ 5 ಸೆಂ.ಮೀ. ದೂರ.

ಜಿಪ್ಸಂ ಹಲಗೆಗೆ ಹಾಕುವ ಕಪ್ಪು ಸ್ಕ್ರೂಗಳು ಅಗ್ಗವೆಂದು ತರಬೇಡಿ. ಅವು ಗಡುಸಾಗಿದ್ದರೂ ಪೆಡಸು. ಪೆಟ್ಟು ಬಿದ್ದಾಗ ತಲೆ ಹಾರುತ್ತದೆ, ನಮ್ಮ ಉಪ್ಪುಗಾಳಿಗೆ ತುಕ್ಕೂ ಬೇಗ.

ಮಲ್ಪೆ ದೋಣಿಮನೆ

ದೋಣಿ ಕೆಲಸದವನಾಗಿ ಎರಡು ಮಾತು. ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್ ಇರಲಿ. ಕಡಲಿಗೆ ಮುಖ ಮಾಡಿದ ಜಾಗವಾದರೆ 316 ಒಳ್ಳೆಯದು, ಸಭಾಂಗಣಕ್ಕೆ ಅಷ್ಟು ಬೇಡ. ಸತುವಿನ ಲೇಪದ ಸ್ಕ್ರೂ ತಿರುಗಿಸುವಾಗಲೇ ತಲೆಯ ಬಳಿ ಲೇಪ ಕೀಳುತ್ತದೆ, ತುಕ್ಕು ಅಲ್ಲಿಂದ ಶುರುವಾಗಿ ಬಣ್ಣದ ಮೇಲೆ ಕಂದು ಕಣ್ಣೀರಿನಂತೆ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಮೆದು, ಹೆಚ್ಚು ಒತ್ತಿದರೆ ತಲೆಯ ಕಚ್ಚು ಸವೆಯುತ್ತದೆ. ಅದಕ್ಕೆ ಮೊದಲು ಅದೇ ಅಳತೆಯ ಸಾಮಾನ್ಯ ಉಕ್ಕಿನ ಸ್ಕ್ರೂವನ್ನು ಒಮ್ಮೆ ಇಳಿಸಿ ತೆಗೆದು ದಾರಿ ಮಾಡಿ, ಆಮೇಲೆ ಸ್ಟೇನ್‌ಲೆಸ್‌ನ ಸುರುಳಿಗೆ ಸ್ವಲ್ಪ ಮೇಣ ಉಜ್ಜಿ ಕೈಯಲ್ಲೇ ತಿರುಗಿಸಿ.

ಕೆಳಹಲಗೆಯ ಜೋಡಣೆಗೆ ಮಾತ್ರ ನಾನಾದರೆ ಎಪಾಕ್ಸಿ ಬಳಸುತ್ತೇನೆ. ಅದು ನೀರಿಗೆ ಅಂಜುವುದಿಲ್ಲ, ಸಂದನ್ನೂ ತುಂಬುತ್ತದೆ. ಎರಡು ಭಾಗಗಳನ್ನು ಕಂಪನಿ ಹೇಳಿದ ಪ್ರಮಾಣದಲ್ಲೇ ಬೆರೆಸಿ, ಡಬ್ಬಿಯಲ್ಲಿ ಗುಪ್ಪೆಯಾಗಿ ಬಿಡದೆ ತಟ್ಟೆಯಲ್ಲಿ ಹರಡಿಟ್ಟುಕೊಳ್ಳಿ. ಗುಪ್ಪೆಯಾಗಿದ್ದರೆ ತನ್ನ ಕಾವಿಗೆ ತಾನೇ ಬಿಸಿಯಾಗಿ, ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ಹಚ್ಚಿ ಮುಗಿಸುವ ಮೊದಲೇ ಕಲ್ಲಾಗುತ್ತದೆ. ಕೈಗವಸು ಕಡ್ಡಾಯ.

ಬಂದರು ಬಡಗಿ

ಎಪಾಕ್ಸಿಗೆ ನನ್ನ ವಿರೋಧವಿಲ್ಲ, ಆದರೆ ಖರ್ಚು ಯೋಚಿಸಿ. ಕೆಳಹಲಗೆಗೆ ರಬ್ಬರ್ ಕಾಲು ಹಾಕಿ ನೆಲದಿಂದ ಎರಡು ಸೆಂ.ಮೀ. ಎತ್ತಿದರೆ ಎಪಾಕ್ಸಿ ಮಾಡುವ ಕೆಲಸದ ಬಹುಪಾಲು ಅದರಲ್ಲೇ ಆಗುತ್ತದೆ.

ಕಡಿಯಾಳಿ ಶ್ರೋತೃ

ಒಳಪಟ್ಟಿಗಳನ್ನು ಎಲ್ಲಿ ಇಡಬೇಕು? ನಡುವೆ ಅಡ್ಡಲಾಗಿ ಒಂದು ಹಲಗೆ ಕೊಟ್ಟರೆ ಸಾಕೇ?

ಸುರತ್ಕಲ್ ಲೆಕ್ಕಿಗ

ಇದು ಬಹಳ ಒಳ್ಳೆಯ ಪ್ರಶ್ನೆ, ಏಕೆಂದರೆ ಹಲಗೆ ದಪ್ಪವಾದರೆ ಸಾಕೆಂದು ನಂಬಿದವರು ಹೆಚ್ಚು. ಹಲಗೆಯ ಬಾಗದಿರುವ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, 12 ಮಿ.ಮೀ.ಯಿಂದ 18ಕ್ಕೆ ಹೋದರೆ ಅದು ಸುಮಾರು 3.4 ಪಟ್ಟು. ಆದರೆ ತೂಕವೂ ಒಂದೂವರೆ ಪಟ್ಟಾಗುವುದರಿಂದ ಹಲಗೆ ನಡುಗುವ ಸ್ವರ ಏರುವುದು ಒಂದೂವರೆ ಪಟ್ಟು ಮಾತ್ರ. ಅಷ್ಟೇ ಲಾಭವನ್ನು ಒಂದು ಪಟ್ಟಿ ಇನ್ನೂ ಅಗ್ಗವಾಗಿ ಕೊಡುತ್ತದೆ.

ನಿಮ್ಮ ಬದಿಯ ಹಲಗೆ ಒಳಗಿನಿಂದ 30 × 43 ಸೆಂ.ಮೀ. ಅದರ ಎತ್ತರವನ್ನು ಅಡ್ಡಹಲಗೆಯಿಂದ ಎರಡಾಗಿ ಭಾಗಿಸಿದರೆ, ದೊಡ್ಡ ಭಾಗ 30 × 23 ಆಗುತ್ತದೆ, ನಡುಗುವ ಸ್ವರ ಸುಮಾರು 1.8 ಪಟ್ಟು ಏರುತ್ತದೆ. ಅದರ ಬದಲು ಮೇಲಿನಿಂದ ಕೆಳಗೆ ಉದ್ದಕ್ಕೆ ಒಂದು ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿ, 30 ಸೆಂ.ಮೀ.ಯನ್ನು 14 ಮತ್ತು 16 ಎಂದು ಭಾಗಿಸಿದರೆ ಅದು ಸುಮಾರು 2.7 ಪಟ್ಟು ಏರುತ್ತದೆ. ಹಲಗೆಯ ಅಂಚುಗಳು ಸರಳವಾಗಿ ಆನಿಸಿಕೊಂಡಿವೆ, ಪಟ್ಟಿ ಬಾಗುವುದೇ ಇಲ್ಲ ಎಂಬ ಆದರ್ಶದ ಲೆಕ್ಕವಿದು. ವಾಸ್ತವದಲ್ಲಿ ಎರಡೂ ಅಂಕಿಗಳು ಇಳಿಯುತ್ತವೆ, ಆದರೆ ಯಾವುದು ಮೇಲು ಎಂಬುದು ಬದಲಾಗುವುದಿಲ್ಲ. ಉದ್ದನೆಯ ಹಲಗೆಗೆ ಉದ್ದಕ್ಕೇ ಪಟ್ಟಿ ಕೊಡಬೇಕು. ಸರಿಯಾಗಿ ನಡುವೆ ಬೇಡ. ಎರಡು ಭಾಗಗಳು ಸಮವಾದರೆ ಎರಡೂ ಒಂದೇ ಸ್ವರಕ್ಕೆ ನಡುಗುತ್ತವೆ.

ಬಂದರು ಬಡಗಿ

ಲೆಕ್ಕಿಗರೇ, ಅಡ್ಡಹಲಗೆಗೆ ಇನ್ನೊಂದು ಗುಣವಿದೆ. ಅದು ನಾಲ್ಕೂ ಗೋಡೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ಜೋಡಿಸುವಾಗ ಪೆಟ್ಟಿಗೆ ಓರೆಯಾಗದಂತೆ ಮೂಲೆಮಟ್ಟದ ಕೆಲಸವನ್ನೂ ಮಾಡುತ್ತದೆ. ನಾನಾದರೆ ಎರಡನ್ನೂ ಇಡುತ್ತೇನೆ: ಬದಿಗಳಿಗೆ 4 ಸೆಂ.ಮೀ. ಅಗಲದ ಉದ್ದ ಪಟ್ಟಿ, ಸ್ಪೀಕರಿನ ಆಯಸ್ಕಾಂತಕ್ಕೆ ತಾಗದ ಎತ್ತರದಲ್ಲಿ ಒಂದು ಅಡ್ಡಹಲಗೆ. ಅಡ್ಡಹಲಗೆಯಲ್ಲಿ ಪಟ್ಟಿ ಹಾಯುವ ಕಡೆ ಕಚ್ಚು ಕೊಯ್ದು, ಉಳಿದ ಭಾಗದಲ್ಲಿ ಅರ್ಧಕ್ಕರ್ಧ ಕಿಟಕಿ ತೆಗೆಯಿರಿ. ಕಿಟಕಿ ಚಿಕ್ಕದಾದರೆ ಒಂದು ಪೆಟ್ಟಿಗೆ ಎರಡು ಕೋಣೆಯಾಗುತ್ತದೆ.

ಸುರತ್ಕಲ್ ಲೆಕ್ಕಿಗ

ಒಪ್ಪಿದೆ. ಎರಡೂ ಸೇರಿ ತಿನ್ನುವುದು ಒಂದು ಲೀಟರಿಗಿಂತ ತುಸು ಹೆಚ್ಚು. ನಾವು ಬಿಟ್ಟ ಮೂರು ಲೀಟರಿನೊಳಗೇ ಬರುತ್ತದೆ.

ಕಡಿಯಾಳಿ ಶ್ರೋತೃ

ಹಾಳೆ ತಂದು ಕೊಯ್ಯಿಸಿದ್ದಾಯಿತು. ಐಎಸ್ 710 ಮುದ್ರೆ ಇರುವುದೇ ಸಿಕ್ಕಿತು. ನಿಜ ದಪ್ಪ 17.6 ಮಿ.ಮೀ. ಬಂದುದರಿಂದ ಮುಂದಿನ ಮತ್ತು ಹಿಂದಿನ ಹಲಗೆಯ ಅಳತೆಯನ್ನು ಅದಕ್ಕೆ ಸರಿಯಾಗಿ ಇಳಿಸಿದೆ. ಬದಿಯ, ಮೇಲಿನ, ಕೆಳಗಿನ ಹಲಗೆಗಳನ್ನು ಒಳಪಟ್ಟಿಗಳ ಸಮೇತ ಅಂಟಿಸಿ ಬಿಗಿದಿದ್ದೇನೆ. ಕರ್ಣಗಳನ್ನು ಅಳೆದರೆ ಎರಡೂ ಒಂದೇ ಬಂದವು.

ಮುಂದಿನ ಪ್ರಶ್ನೆಗಳು. ಮೊದಲನೆಯದು, ಒಳಸಂದುಗಳಿಗೆ ಸಿಲಿಕೋನ್ ಹಾಕಬಹುದೇ? ಎರಡನೆಯದು, ಹಿಂದಿನ ಹಲಗೆಯನ್ನು ಅಂಟಿಸದೆ ಸ್ಕ್ರೂವಿನಲ್ಲಿ ಮಾತ್ರ ನಿಲ್ಲಿಸಿದರೆ ಮುಂದೆ ಕ್ರಾಸ್‌ಓವರ್ ರಿಪೇರಿಗೆ ಅನುಕೂಲವಲ್ಲವೇ?

ಕುಂದಾಪುರದ ಮೈಕಿನವ

ಅನುಕೂಲವೇ. ನಮ್ಮ ಕೆಲವು ಪೆಟ್ಟಿಗೆಗಳಲ್ಲಿ ಹಾಗೆಯೇ ಇದೆ, ಅಂಚಿಗೆ ಫೋಮ್ ಪಟ್ಟಿ ಅಂಟಿಸಿ.

ಬಂದರು ಬಡಗಿ

ಮೈಕಿನವರೇ, ಆ ಫೋಮ್ ಪಟ್ಟಿ ಎರಡು ವರ್ಷದಲ್ಲಿ ಹುಡಿಯಾಗುತ್ತದೆ ಎಂಬುದನ್ನೂ ಹೇಳಬೇಕಿತ್ತು. ಕ್ರಾಸ್‌ಓವರ್ ಕೆಡುವುದು ಎಲ್ಲೋ ಅಪರೂಪಕ್ಕೆ. ಗಾಳಿ ಸೋರುವುದು ಮಾತ್ರ ದಿನವೂ. 8 ಇಂಚಿನ ಸ್ಪೀಕರಿಗೆ ಕೊರೆದ ತೂತಿನಲ್ಲಿ ದೊಡ್ಡವರ ಕೈ ಧಾರಾಳವಾಗಿ ಹೋಗುತ್ತದೆ. ಹಿಂದಿನ ಹಲಗೆಯನ್ನೂ ಅಂಟಿಸಿಬಿಡಿ. ರಿಪೇರಿ ಏನಿದ್ದರೂ ಮುಂದಿನ ತೂತಿನ ಮೂಲಕ. ಕ್ರಾಸ್‌ಓವರನ್ನು ಹಿಂದಿನ ಹಲಗೆಯ ಒಳಮೈಗೆ, ತೂತಿಗೆ ಎದುರಾಗಿ, ಸ್ಕ್ರೂ ಹಾಕಿ ನಿಲ್ಲಿಸಿದರೆ ಕೈಗೆ ನೇರ ಸಿಗುತ್ತದೆ.

ಸಿಲಿಕೋನ್ ಬೇಡ. ಹುಳಿ ವಾಸನೆಯ ಸಿಲಿಕೋನ್ ಒಣಗುವಾಗ ಬಿಡುವುದು ಅಸೆಟಿಕ್ ಆಮ್ಲದ ಆವಿ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸ್ಪೀಕರಿನ ಲೋಹಕ್ಕೂ ಅಂಟಿಗೂ ಒಳ್ಳೆಯದಲ್ಲ. ಕೊಯ್ದಾಗ ಉಳಿದ ನುಣುಪಾದ ಮರದ ಹುಡಿಯನ್ನು ಜರಡಿ ಹಿಡಿದು, ಅದೇ ಮರೈನ್ ಅಂಟಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಒಳಮೂಲೆಗಳ ಉದ್ದಕ್ಕೂ ಬೆರಳಿನಿಂದ ಎಳೆಯಿರಿ. ಅದು ಸಂದನ್ನೂ ಮುಚ್ಚುತ್ತದೆ, ಮೂಲೆಗೆ ಬಲವನ್ನೂ ಕೊಡುತ್ತದೆ. ಒಣಗಿದ ಮೇಲೆ ಒಳಮೈಗೆಲ್ಲ ವಾರ್ನಿಷ್ ಒಂದು ಸಲ ಬಳಿಯಿರಿ. ಹೊರಗೆ ಮಾತ್ರ ಬಣ್ಣ ಬಳಿದು ಒಳಗೆ ಬರಿ ಮರ ಬಿಟ್ಟರೆ ತೇವ ಒಂದೇ ಕಡೆಯಿಂದ ಹೊಕ್ಕು ಹಲಗೆ ಬಾಗುತ್ತದೆ.

ಹೊರಗೆ ಅಂಚುಗಳಿಗೆ ಪ್ರೈಮರ್ ಎರಡು ಸಲ, ನಡುವೆ 180 ನಂಬರಿನ ಸ್ಯಾಂಡ್ ಪೇಪರ್. ಆಮೇಲೆ ನಿಮಗಿಷ್ಟವಾದ ಬಣ್ಣ.

ಮಲ್ಪೆ ದೋಣಿಮನೆ

ಸ್ಕ್ರೂ ತಲೆಯ ಕುಳಿಗಳನ್ನೂ ಆ ಹುಡಿ ಅಂಟಿನಿಂದಲೇ ತುಂಬಿ ಉಜ್ಜಿಬಿಡಿ. ತೇವ ಇಳಿಯುವ ಮೊದಲ ದಾರಿ ಅದೇ.

ಕುಂದಾಪುರದ ಮೈಕಿನವ

ಫೋಮ್ ವಿಚಾರದಲ್ಲಿ ಬಡಗಿಯವರು ಗೆದ್ದರು. ಸ್ಪೀಕರನ್ನು ಕೂರಿಸುವ ಬಗ್ಗೆ ನನ್ನ ಮಾತು ಕೇಳಿ. ಅದನ್ನು ಮರದ ಸ್ಕ್ರೂವಿನಿಂದ ಬಿಗಿಯಬೇಡಿ. ಎರಡು ಮೂರು ಸಲ ಬಿಚ್ಚಿ ಹಾಕಿದರೆ ತೂತು ಸಡಿಲವಾಗುತ್ತದೆ. ಹಲಗೆಯ ಹಿಂದಿನಿಂದ, ಹಲ್ಲುಗಳಿಂದ ಮರಕ್ಕೆ ಕಚ್ಚುವ ಟೀ ನಟ್ ಹೊಡೆದು, ಅಂಚಿಗೆ ಒಂದು ಹನಿ ಎಪಾಕ್ಸಿ ಮುಟ್ಟಿಸಿ, ಸುರುಳಿಗೆ ಹೋಗದಂತೆ ನೋಡಿಕೊಳ್ಳಿ. ಇದನ್ನು ಮುಂದಿನ ಹಲಗೆ ಅಂಟಿಸುವ ಮೊದಲೇ ಮಾಡಬೇಕು. ಮುಂದಿನಿಂದ ಬರುವ ಬೋಲ್ಟ್ ಸ್ಟೇನ್‌ಲೆಸ್ ಇರಲಿ: ಉಕ್ಕಿನ ಬೋಲ್ಟನ್ನೂ ಸ್ಕ್ರೂಡ್ರೈವರನ್ನೂ ಸ್ಪೀಕರಿನ ಆಯಸ್ಕಾಂತ ಎಳೆಯುತ್ತದೆ, ಕೈ ಜಾರಿದರೆ ತುದಿ ನೇರ ಕೋನಿನೊಳಗೆ. ಇನ್ನೊಂದು ಕೈಯ ಅಂಗೈಯನ್ನು ಕೋನಿನ ಮೇಲೆ ತಾಗದಂತೆ ಅಡ್ಡ ಹಿಡಿದೇ ಬಿಗಿಯಿರಿ. ಎದುರು ಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯದಿದ್ದರೆ ಚೌಕಟ್ಟು ತಿರುಚಿಕೊಂಡು ಸ್ಪೀಕರಿನ ಒಳಗಿನ ತಂತಿಯ ಸುರುಳಿ ಉಜ್ಜುತ್ತದೆ.

ಹಿಡಿಕೆ ಬೇಕೇ ಬೇಕು. ಬರೇ ಮರವೇ ಎಂಟು ಕಿಲೋ ಆಸುಪಾಸು ತೂಗುವ ಪೆಟ್ಟಿಗೆ ಇದು. ಹಿಡಿಕೆಯನ್ನೂ ಆರಪಾರ ಬೋಲ್ಟಿನಲ್ಲಿ ಹಾಕಿ, ತೂತಿನ ಸುತ್ತ ಅಂಟು ಬಳಿದು ಗಾಳಿ ಸೋರದಂತೆ ಮಾಡಿ. ಎಂಟು ಮೂಲೆಗೂ ಲೋಹದ ಟೊಪ್ಪಿ.

ಸುರತ್ಕಲ್ ಲೆಕ್ಕಿಗ

ಒಳಗೆ ತುಂಬಲು ದಿಂಬಿನ ಪಾಲಿಯೆಸ್ಟರ್ ಹತ್ತಿ ಸಾಕು. ತೆಂಗಿನ ನಾರು ನಮ್ಮಲ್ಲಿ ಸುಲಭವೆಂದು ಯಾರಾದರೂ ಹೇಳಿಯಾರು; ಅದು ತೇವ ಹಿಡಿಯುತ್ತದೆ, ಹುಡಿ ಉದುರಿಸುತ್ತದೆ, ಬೇಡ. ಹತ್ತಿಯನ್ನು ಹಿಂಜಿ ಸಡಿಲವಾಗಿ ತುಂಬಿದರೆ ಒಳಗಿನ ಗಾಳಿಯ ಕಾವಿನ ಏರಿಳಿತ ಕಡಿಮೆಯಾಗಿ ಪೆಟ್ಟಿಗೆ ತನ್ನ ಗಾತ್ರಕ್ಕಿಂತ ದೊಡ್ಡದಾದಂತೆ ವರ್ತಿಸುತ್ತದೆ. ಸಿದ್ಧಾಂತದಲ್ಲಿ ಇದರ ಮಿತಿ ಶೇ. 40, ಕೈಗೆ ಸಿಗುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಸ್ಪೀಕರಿನ ಹಿಂಬದಿಗೆ ತಾಗದಂತೆ ಬಲೆಬಟ್ಟೆಯಿಂದ ಹಿಡಿದಿಡಿ.

ಕಡಿಯಾಳಿ ಶ್ರೋತೃ

ಒಂದು ಪೆಟ್ಟಿಗೆ ಬಣ್ಣದ ಸಮೇತ ಮುಗಿಯಿತು. ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮನಾಗಿ ಮೆಲ್ಲನೆ ಒತ್ತಿ ಬಿಟ್ಟಾಗ ಅದು ತಟ್ಟನೆ ಹಿಂದಕ್ಕೆ ಬರುತ್ತಿದೆ. ಹೀಗೆ ಬರಬೇಕೇ?

ಸುರತ್ಕಲ್ ಲೆಕ್ಕಿಗ

ಅದೊಂದರಿಂದಲೇ ಏನೂ ತಿಳಿಯದು, ಎದುರು ಬಲವನ್ನು ನೋಡಬೇಕು. ಗಾಳಿ ಸೋರದ ಪೆಟ್ಟಿಗೆಯಲ್ಲಿ ಒತ್ತುವಾಗಲೇ ಗಾಳಿಯ ಮೆತ್ತೆಯ ಎದುರು ಬಲ ಬೆರಳಿಗೆ ತಿಳಿಯುತ್ತದೆ, ಸ್ವಲ್ಪ ಹೊತ್ತು ಒತ್ತಿ ಹಿಡಿದರೂ ಅದು ಉಳಿಯುತ್ತದೆ. ಒತ್ತುವಾಗ ಸಡಿಲವೆನಿಸಿ, ಎದುರು ಬಲ ಬೇಗನೆ ಕರಗಿದರೆ ಎಲ್ಲೋ ಸೋರುತ್ತಿದೆ. ನಿಮ್ಮದು ಯಾವ ಬಗೆಯದು?

ಕಡಿಯಾಳಿ ಶ್ರೋತೃ

ಎದುರು ಬಲವೇ ಗೊತ್ತಾಗುವುದಿಲ್ಲ.

ಬಂದರು ಬಡಗಿ

ಹಾಗಾದರೆ ವೈರು ಹೊರಬರುವ ಟರ್ಮಿನಲ್ ತಟ್ಟೆಯನ್ನೇ ಮೊದಲು ನೋಡಿ. ಹತ್ತರಲ್ಲಿ ಎಂಟು ಸಲ ಅದೇ ಇರುತ್ತದೆ. ಸಣ್ಣ ಸದ್ದಿನಲ್ಲಿ 40 ಹರ್ಟ್ಜ್ ಸ್ವರ ಹಾಕಿ, ಊದುಬತ್ತಿ ಹಚ್ಚಿ ಅದರ ಹೊಗೆಯನ್ನು ಹೊರಸಂದುಗಳ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಸೋರುವ ಕಡೆ ಹೊಗೆಯ ಎಳೆ ನಡುಗುತ್ತದೆ. ಬಣ್ಣ ಪೂರ್ತಿ ಒಣಗಿರಲಿ, ಕಿಡಿ ಉದುರದಂತೆ ನೋಡಿಕೊಳ್ಳಿ.

ಕಡಿಯಾಳಿ ಶ್ರೋತೃ

ಟರ್ಮಿನಲ್ ತಟ್ಟೆಯೇ ಹೌದು. ಪ್ಲಾಸ್ಟಿಕ್ ತಟ್ಟೆಗೂ ಹಲಗೆಗೂ ನಡುವೆ ಮೇಲಂಚಿನಲ್ಲಿ ಹೊಗೆ ಹಾರಿತು. ತಟ್ಟೆ ಬಿಚ್ಚಿ ರಬ್ಬರ್ ಹಾಳೆಯ ಗ್ಯಾಸ್ಕೆಟ್ ಕತ್ತರಿಸಿ ಇಟ್ಟ ಮೇಲೆ ಕೋನು ಬಿಗಿಯಾಗಿದೆ. ಎರಡನೆಯ ಪೆಟ್ಟಿಗೆಗೂ ಹಾಗೆಯೇ ಮಾಡುತ್ತೇನೆ. ಎರಡನ್ನೂ ಒಟ್ಟಿಗೆ ನುಡಿಸುವ ಮೊದಲು ನೋಡಬೇಕಾದದ್ದು ಇನ್ನೇನಾದರೂ ಇದೆಯೇ?

ಕುಂದಾಪುರದ ಮೈಕಿನವ

ವೈರಿನ ಪ್ಲಸ್ ಮೈನಸ್ ಎರಡರಲ್ಲೂ ಒಂದೇ ರೀತಿ ಇದೆಯೇ ನೋಡಿ. ಆಂಪ್ಲಿಫೈಯರಿನಿಂದ ವೈರು ಬಿಚ್ಚಿ, ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಟರ್ಮಿನಲಿಗೆ ಕ್ಷಣಮಾತ್ರ ಮುಟ್ಟಿಸಿ: ಸೆಲ್ಲಿನ ಪ್ಲಸ್ ಕೆಂಪಿಗೆ ತಾಗಿದಾಗ ಕೋನು ಹೊರಕ್ಕೆ ಹಾರಬೇಕು. ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಹೋದರೆ ಎರಡೂ ಸೇರಿ ನುಡಿಸುವಾಗ ತಬಲಾದ ಬಾಯಾಂ ಇಲ್ಲವೇ ಇಲ್ಲ ಎಂಬಂತೆ ಕೇಳುತ್ತದೆ, ಜನ ಪೆಟ್ಟಿಗೆ ಮಾಡಿದವರನ್ನು ಬೈಯುತ್ತಾರೆ. ಹಾಗಿದ್ದರೆ ಒಂದು ಪೆಟ್ಟಿಗೆಯ ಒಳವೈರನ್ನು ಅದಲುಬದಲು ಮಾಡಿ. ಮೊದಲ ವಾರ ನುಡಿಸಿದ ಮೇಲೆ ಸ್ಪೀಕರಿನ ಬೋಲ್ಟುಗಳನ್ನು ಕಾಲು ಸುತ್ತು ಬಿಗಿಯಲು ಮರೆಯಬೇಡಿ. ಗ್ಯಾಸ್ಕೆಟ್ ಅಷ್ಟರಲ್ಲಿ ಕುಗ್ಗಿರುತ್ತದೆ.